ಅಜ್ಜಿಯ ಹಲ್ಲು ಮತ್ತು ಸಟ್ಟುಗ ಮಾವನ ಬೆರಳು

ನಮ್ಮ ಮನೆಯ ಚಾವಡಿಯಲ್ಲಿ ನನ್ನ ಅಜ್ಜಿಯ ಪಟವೊಂದಿದೆ. ನೀವು ಎಂದಾದರೂ ಬಂದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಬಂದವರೆಲ್ಲರಂತೆ ನೀವೂ ಅದನ್ನು ನೋಡಿ, ಏನೋ ಹೇಳಲು ಬಾಯಿ ತೆರೆದು, ಮರ್ಯಾದೆಗೆ ಮುಚ್ಚಿಕೊಂಡು, ಕಾಫಿ ಲೋಟದ ಕಡೆಗೆ ದೃಷ್ಟಿ ತಿರುಗಿಸುತ್ತೀರಿ. ಏನೆಂದರೆ, ಅಜ್ಜಿಯ ಎರಡು ಮುಂಬಲ್ಲುಗಳು ಒಂದು ಕಡೆ ನಿಲ್ಲುವುದಿಲ್ಲ. ಬಾಗಿಲಿನಿಂದ ನೋಡಿದರೆ ಅವು ಒಂದು ಕೆನ್ನೆಯ ಮೇಲಿರುತ್ತವೆ, ಕಿಟಕಿಯ ಬದಿಯ ಕುರ್ಚಿಯಲ್ಲಿ ಕೂತರೆ ಇನ್ನೊಂದು ಕೆನ್ನೆಗೆ ದಾಟುತ್ತವೆ, ಎತ್ತರದ ಆಳು ಎದುರು ನಿಂತರೆ ಗಲ್ಲಕ್ಕೆ ಇಳಿಯುತ್ತವೆ. ಹಲ್ಲುಗಳನ್ನು ಬರೆದಿರುವುದು ಚಿತ್ರದ ಮೇಲಲ್ಲ, ಗಾಜಿನ ಮೇಲೆ. ಗಾಜಿಗೂ ಚಿತ್ರಕ್ಕೂ ನಡುವೆ ಬೆರಳಗಲದ ಸಂದು. ಒದ್ದೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿದರೆ ಹೋಗುತ್ತದೆ ಎಂದು ಉಪಾಯ ಹೇಳಿದವರು ಎಷ್ಟೋ ಮಂದಿ. ನಾನು ಆ ಪಟದ ಹತ್ತಿರ ಒದ್ದೆ ಬಟ್ಟೆ ಹಿಡಿದವರನ್ನು ಬಿಟ್ಟವಳಲ್ಲ. ಯಾಕೆಂದು ನಿಮಗೆ ಹೇಳಬೇಕಾದರೆ, ಟೊಪ್ಪಿ, ಕೋಟು, ಬೂಟು ಎಲ್ಲವನ್ನೂ ಧರಿಸಿ ಚಡ್ಡಿ ಮಾತ್ರ ಹಾಕಲು ಮರೆತ ಒಂದು ಪ್ರಾಣಿಯ ಕತೆ ಹೇಳಬೇಕಾಗುತ್ತದೆ. ಅದಕ್ಕೆ ಮೊದಲು ಹಲ್ಲಿನದು.

ಅಜ್ಜಿ, ಎಂದರೆ ಅಮ್ಮನ ಅಮ್ಮ, ಬದುಕಿದ್ದಷ್ಟು ಕಾಲ ಅವಳ ಮುಂಬಲ್ಲುಗಳೆರಡೂ ತುಟಿಯ ಆಳ್ವಿಕೆಯನ್ನು ಒಪ್ಪಿಕೊಂಡವುಗಳಲ್ಲ. ಬಾಯಿ ಮುಚ್ಚಿದರೂ ಅವು ಹೊರಗೇ. ನಿದ್ದೆಯಲ್ಲಿ ಕೂಡ ಅವಳು ಯಾವುದೋ ತಮಾಷೆ ಕೇಳಿದವಳಂತೆ ಕಾಣುತ್ತಿದ್ದಳು. ಎಪ್ಪತ್ತರ ದಶಕದ ಕೊನೆಯಲ್ಲಿ ಅವಳು ತೀರಿಕೊಂಡಾಗ ನಮ್ಮಲ್ಲಿ ಉಳಿದದ್ದು ಯಾರದೋ ಮದುವೆಯ ಒಂದು ಗುಂಪು ಫೋಟೋ. ಹಿಂದಿನ ಸಾಲಿನಲ್ಲಿ, ಇಬ್ಬರ ಹೆಗಲುಗಳ ನಡುವೆ, ಅಜ್ಜಿಯ ನಗು. ಅದನ್ನು ದೊಡ್ಡದು ಮಾಡಿಸಲು ಉಡುಪಿಯ ಸ್ಟುಡಿಯೋ ಒಂದಕ್ಕೆ ಕೊಂಡುಹೋದವರು ಅಮ್ಮನ ತಮ್ಮ, ನನ್ನ ಸಂಜೀವ ಮಾವ. ಆ ಕಾಲದ ಸ್ಟುಡಿಯೋಗಳಲ್ಲಿ ಬಣ್ಣ ತುಂಬುವ ಕಲಾವಿದರು ಮಹಾ ಕರುಣಾಳುಗಳು. ಜೀವಮಾನವಿಡೀ ಬರಿಮೈಯಲ್ಲಿ ಗದ್ದೆ ಉತ್ತವನಿಗೆ ಕೋಟು ತೊಡಿಸಿ, ಬೋಳು ತಲೆಗೆ ಕ್ರಾಪು ಬೆಳೆಸಿ, ಸತ್ತವರಿಗೆಲ್ಲ ಬದುಕಿದ್ದಾಗ ಸಿಗದ ಭಾಗ್ಯವನ್ನು ಕುಂಚದಲ್ಲೇ ಕರುಣಿಸುತ್ತಿದ್ದರು. ಅಜ್ಜಿಗೆ ಅವರು ಜರಿಯಂಚಿನ ಸೀರೆ ಕೊಟ್ಟರು, ಕಿವಿಗೆ ಬೆಂಡೋಲೆ ಕೊಟ್ಟರು, ಅವಳಿಗೆ ಎಂದೂ ಇರದಿದ್ದ ಕುತ್ತಿಗೆಯನ್ನು ಕೊಟ್ಟರು, ಮತ್ತು ಎಲ್ಲಕ್ಕೂ ಕಿರೀಟವಿಟ್ಟಂತೆ ಬಾಯಿಯನ್ನು ಅಂದವಾಗಿ ಮುಚ್ಚಿಸಿದರು.

ಮಾವನಿಗೆ ಸಂತೋಷವೋ ಸಂತೋಷ. ಅಮ್ಮ ಪಟವನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು.

"ಚಂದ ಉಂಟು. ಇದು ಯಾರ ಅಮ್ಮ?"

ಎಂತಹ ಜಗಳಗಳೋ ಎಂತೆಂತಹ ಕಾರಣಕ್ಕೆ ಹುಟ್ಟುತ್ತವೆ, ಗೆಳೆಯರೆ. ನಮ್ಮ ಮನೆಯದು ಎರಡು ಹಲ್ಲಿಗೆ ಹುಟ್ಟಿತು. ಹೆತ್ತಮ್ಮನನ್ನು ಚಂದ ಕಾಣಿಸಬೇಕೆಂದು ತಾನು ಅಷ್ಟು ಓಡಾಡಿದ್ದು ಅಕ್ಕನ ಕಣ್ಣಿಗೆ ಬೀಳಲಿಲ್ಲವೆಂದು ಮಾವನ ಸಂಕಟ. ಹೆತ್ತಮ್ಮನ ಹಲ್ಲು ತಮ್ಮನಿಗೆ ನಾಚಿಕೆಯ ವಿಷಯವಾಯಿತೆಂದು ಅಕ್ಕನ ಸಂಕಟ. "ಬೇಡದಿದ್ದರೆ ನಾನೇ ಇಟ್ಟುಕೊಳ್ತೇನೆ" ಎಂದು ಮಾವ ಪಟವನ್ನು ಕಂಕುಳಲ್ಲಿಟ್ಟು, ನಮ್ಮದೇ ಹಿತ್ತಿಲಿನ ಆಚೆ ಬದಿಯಲ್ಲಿ ತೆಂಗಿನಕಾಯಿ ಹಾಕಿಡುತ್ತಿದ್ದ ಸಣ್ಣ ಮನೆಗೆ ಹೋಗಿ ಕೂತರು. ನಡುವೆ ಕೆಂಪುಕಲ್ಲಿನ ಗೋಡೆಯನ್ನೂ ಕಟ್ಟತೊಡಗಿದರು. ಸೊಂಟದೆತ್ತರಕ್ಕೆ ಬಂದಾಗ ತೀರಿದ್ದು ಕಲ್ಲೋ ಕೋಪವೋ ತಿಳಿಯದು, ಗೋಡೆ ಅಲ್ಲಿಗೆ ನಿಂತಿತು.

ನಿಂತದ್ದು ಒಳ್ಳೆಯದೇ ಆಯಿತು. ಮರುದಿನ ಮಧ್ಯಾಹ್ನ ಅಮ್ಮ ಸ್ಟೀಲಿನ ಬುತ್ತಿಯಲ್ಲಿ ಗಂಜಿ, ಪಲ್ಯ, ಬಂಗುಡೆ ಮೀನಿನ ಸಾರು ತುಂಬಿಸಿ ಆ ಗೋಡೆಯ ಮೇಲಿಟ್ಟಳು. ಇಟ್ಟು, ಮುಖ ಕಾಣಿಸದೆ ಹಿಂದೆ ಸರಿದಳು. ಮಾವ ಬಂದು ಎತ್ತಿಕೊಂಡರು. ಸಂಜೆ ಬುತ್ತಿ ತೊಳೆದು ಬಂತು. ಅಂದಿನಿಂದ ವರ್ಷಗಟ್ಟಲೆ ಇದೇ ಕ್ರಮ. ಮಾತಿಲ್ಲ, ಮುಖವಿಲ್ಲ, ಊಟಕ್ಕೆ ಮಾತ್ರ ಒಂದು ದಿನವೂ ತಪ್ಪಿಲ್ಲ. ಬುತ್ತಿ ಇಡುವ ಜಾಗದಲ್ಲಿ ಕಲ್ಲು ದುಂಡಗೆ ಸವೆದಿತ್ತು.

ನನ್ನ ಅಪ್ಪ ನಾನು ಸಣ್ಣವಳಿದ್ದಾಗಲೇ ಹೋಗಿದ್ದರಿಂದ ನನಗೆ ಅಪ್ಪನ ಜಾಗದಲ್ಲಿದ್ದವರು ಈ ಮಾವನೇ. ಕಾಪು ಪೇಟೆಯಲ್ಲಿ ಅವರದೊಂದು ಸೈಕಲ್ ರಿಪೇರಿ ಅಂಗಡಿ. ಕುಳ್ಳಗಿನ ಮನುಷ್ಯ, ನಾನು ಹತ್ತನೇ ಕ್ಲಾಸಿಗೆ ಬರುವಾಗಲೇ ಅವರ ತಲೆ ನನ್ನ ಕಿವಿಯ ಹತ್ತಿರವಿತ್ತು. ಪ್ರಾಯದಲ್ಲಿ ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವಾಗ ಬಲಗೈಯ ಕಿರುಬೆರಳು ಬೆಲ್ಟಿಗೆ ಸಿಕ್ಕಿ ಹೋಗಿತ್ತು. ಆ ಕೈಯನ್ನೇ ಹಿಡಿದು ನಾನು ಕಡಲತೀರದ ದೀಪಸ್ತಂಭದ ಬಂಡೆ ಹತ್ತಲು ಕಲಿತವಳು. ಎಲ್ಲರಿಗೂ ಐದು ಬೆರಳು, ಸೋದರಮಾವಂದಿರಿಗೆ ಮಾತ್ರ ನಾಲ್ಕು ಎಂದು ಬಹಳ ಕಾಲ ನಂಬಿಕೊಂಡಿದ್ದೆ.

ಈ ನಂಬಿಕೆಗೆ ಎಂಬತ್ತರ ದಶಕದ ನಡುವಿನಲ್ಲಿ ಅನಿರೀಕ್ಷಿತವಾಗಿ ಶಾಸ್ತ್ರಾಧಾರ ಒದಗಿತು. ನೆರೆಮನೆಯ ಲಿಲ್ಲಿಬಾಯಿಯ ಮಗ ಫೆಲಿಕ್ಸ್ ಗಲ್ಫಿನಿಂದ ರಜೆಯಲ್ಲಿ ಬಂದವನು ಒಂದು ಕಲರ್ ಟಿವಿಯನ್ನೂ ವಿ.ಸಿ.ಆರನ್ನೂ ತಂದ. ತೆಂಗಿನಮರದ ತುದಿಗೆ ಆಂಟೆನಾ ಕಟ್ಟಿದರೂ ಟಿವಿಯಲ್ಲಿ ಅವಲಕ್ಕಿ ಉದುರುವುದಲ್ಲದೆ ಬೇರೇನೂ ಕಾಣಲಿಲ್ಲ. ಆದರೆ ವಿ.ಸಿ.ಆರ್. ಕೊಂಡ ಅಂಗಡಿಯವನು ಪುಕ್ಕಟೆಯಾಗಿ ಕೊಟ್ಟ ಒಂದು ಕ್ಯಾಸೆಟ್ ಇತ್ತು: ಕಾರ್ಟೂನು, ಅದೂ ಅರಬ್ಬಿ ಭಾಷೆಯದು. ಫೆಲಿಕ್ಸ್ ರಜೆ ಮುಗಿಸಿ ಹೋದ. ಲಿಲ್ಲಿಬಾಯಿಯ ಕೈಯಲ್ಲಿ ಉಳಿದದ್ದು ಒಂದು ಟಿವಿ, ಒಂದು ಕ್ಯಾಸೆಟ್, ಮತ್ತು ತಂಪಾದ ಕೆಂಪು ಸಿಮೆಂಟಿನ ದೊಡ್ಡ ಚಾವಡಿ.

ಮಧ್ಯಾಹ್ನದ ಊಟ ಮುಗಿದದ್ದೇ ನಮ್ಮ ಓಣಿಯ ಬೀಡಿ ಕಟ್ಟುವ ಹೆಂಗಸರೆಲ್ಲ ಗೆರಸೆ, ಕತ್ತರಿ, ಎಲೆಯ ಕಟ್ಟು ಹಿಡಿದು ಆ ಚಾವಡಿಯಲ್ಲಿ ಸೇರುತ್ತಿದ್ದರು. ಅಮ್ಮನೂ ಅವರಲ್ಲಿ ಒಬ್ಬಳು. ಬೀಡಿ ಕಟ್ಟುವುದು ಕೈಯ ಕೆಲಸ. ಕಣ್ಣಿಗೆ, ಬಾಯಿಗೆ ಬಿಡುವು. ಅದೇ ಕ್ಯಾಸೆಟ್ ದಿನವೂ ತಿರುಗುತ್ತಿತ್ತು. ಒಂದಕ್ಷರ ಅರ್ಥವಾಗದ್ದರಿಂದ ಕತೆಯ ಗೊಡವೆ ಯಾರಿಗೂ ಇರಲಿಲ್ಲ. ಕಿವಿ ಮುಚ್ಚಿದವರಿಗೆ ಕಣ್ಣು ಎಷ್ಟು ತೆರೆಯುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ. ಪ್ರಪಂಚದ ಯಾವ ಮೂಲೆಯಲ್ಲೂ ಒಂದು ಕಾರ್ಟೂನಿಗೆ ಇಷ್ಟು ನಿಷ್ಠಾವಂತ ಅಭಿಮಾನಿಗಳು, ಮತ್ತು ಅದನ್ನು ಬರೆದವನ ಮೇಲೆ ಇಷ್ಟು ಕೋಪಗೊಂಡ ಅಭಿಮಾನಿಗಳು, ಒಟ್ಟಿಗೆ ಇದ್ದಿರಲಾರರು. ಅಲ್ಲಿಯ ಮಾತುಕತೆಯೆಲ್ಲ ತುಳುವಿನದು, ಲಿಲ್ಲಿಬಾಯಿಗೆ ರೇಗಿದರೆ ಕೊಂಕಣಿಯದು. ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮೊದಲ ತಕರಾರು, ಅದು ಯಾವ ಪ್ರಾಣಿ ಎಂಬುದು. ಹೆಗ್ಗಣವೆಂದರೆ ತುಂಬಾ ದಪ್ಪ, ಮುಂಗುಸಿಯೆಂದರೆ ನಿಂತ ಭಂಗಿ ಸರಿಯಿಲ್ಲ, ನೀರುನಾಯಿಯೆಂದರೆ ಬಾಲ ಹೊಂದುವುದಿಲ್ಲ. ಬಾಲವಾದರೋ ದೋಸೆ ಮಗುಚುವ ಸಟ್ಟುಗದಂತೆ ಚಪ್ಪಟೆ. ಮಣಿಪಾಲದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದ ನಾನು ಅಲ್ಲಿಯ ಲೈಬ್ರರಿಯಲ್ಲಿ ದಪ್ಪ ಪುಸ್ತಕ ತೆರೆದು ನೋಡಿ, ಅದು ಬೀವರ್ ಎಂಬ ಶೀತದೇಶದ ಪ್ರಾಣಿ, ಹಲ್ಲಿನಿಂದ ಮರ ಕಡಿದು ಹೊಳೆಗೆ ಅಡ್ಡ ಕಟ್ಟ ಕಟ್ಟುತ್ತದೆ ಎಂದು ಬಂದು ತಿಳಿಸಿದೆ. ಬೀಡಿ ಮಂಡಳಿಯ ಮುಖ್ಯಸ್ಥೆಯಂತಿದ್ದ ಗಿರಿಜಕ್ಕ ನನ್ನ ವಿದ್ಯೆಯನ್ನು ಗೆರಸೆಯ ಕಸದೊಡನೆ ಕೊಡವಿ ಹಾಕಿದಳು. ಹೆಸರು ಆಗಲೇ ನಿಂತುಬಿಟ್ಟಿತ್ತು, ಸಟ್ಟುಗ ಮಾವ.

ಎರಡನೆಯದು ಉಡುಪಿನದು.

"ಟೊಪ್ಪಿ ಉಂಟು, ಕೋಟು ಉಂಟು, ಕಾಲಿಗೆ ಬೂಟು ಉಂಟು," ಎಂದಳು ಗಿರಿಜಕ್ಕ. "ನಡುವೆ ಎಂತ ಇಲ್ಲ ಮಾರಾಯ್ತಿ!"

ಅದನ್ನಾದರೂ ಪ್ರಾಣಿಯ ಸಹಜಧರ್ಮವೆಂದು ಕ್ಷಮಿಸಬಹುದಿತ್ತು. ಆದರೆ ಒಂದು ದೃಶ್ಯದಲ್ಲಿ ಸಟ್ಟುಗ ಮಾವ ಸ್ನಾನ ಮುಗಿಸಿ ಬರುವಾಗ ಸೊಂಟಕ್ಕೆ ಬೈರಾಸು ಸುತ್ತಿಕೊಂಡು, ಯಾರೋ ಕಂಡರೆಂದು ನಾಚಿಕೊಳ್ಳುತ್ತಿದ್ದ. ದಿನವಿಡೀ ಬಯಲಲ್ಲಿ ಹಾಗೇ ತಿರುಗುವವನಿಗೆ ಸ್ನಾನದ ನಂತರ ಮಾತ್ರ ಈ ಮಾನ ಎಲ್ಲಿಂದ ಬಂತು? ಬೀಡಿಯ ಎಲೆ ಕತ್ತರಿಸುತ್ತ ಕತ್ತರಿಸುತ್ತ ಅವರು ಈ ಪ್ರಶ್ನೆಯನ್ನು ಒಂದು ಮಳೆಗಾಲವಿಡೀ ಚರ್ಚಿಸಿದರು. ಬೂಟಿನ ವಿಷಯದಲ್ಲಂತೂ ಅಭಿಪ್ರಾಯಭೇದವೇ ಇರಲಿಲ್ಲ. ಅವನು ಬೂಟು ಹಾಕಿಕೊಂಡೇ ಮನೆಯೊಳಗೆ ಬರುತ್ತಿದ್ದ, ಬೂಟಿನಲ್ಲೇ ಅಡುಗೆಮನೆಗೆ ನುಗ್ಗುತ್ತಿದ್ದ, ಬೂಟಿನಲ್ಲೇ ಹಾಸಿಗೆಯ ಮೇಲೆ ಉರುಳುತ್ತಿದ್ದ. ಆ ದೃಶ್ಯ ಬಂದಾಗಲೆಲ್ಲ ಲಿಲ್ಲಿಬಾಯಿ "ಜೇಸು!" ಎಂದು ಕಣ್ಣು ಮುಚ್ಚಿ, ದಾಟಿತೆಂದು ಯಾರಾದರೂ ಹೇಳಿದ ಮೇಲೆ ತೆರೆಯುತ್ತಿದ್ದರು.

ಇನ್ನು ಬೆರಳು. ಬೀಡಿ ಕಟ್ಟುವವರ ಕಣ್ಣು ಮೊದಲು ಹೋಗುವುದೇ ಬೆರಳಿಗೆ. ಸಟ್ಟುಗ ಮಾವನಿಗೆ ಕೈಗೆ ನಾಲ್ಕೇ. ಎಲೆ ಸುರುಟುವುದಕ್ಕೆ ಆದೀತು, ಬೀಡಿಯ ತಲೆ ಮಡಚುವುದಕ್ಕೆ ಒಂದು ಕಡಿಮೆಯಾಗುತ್ತದೆ, ಇವನನ್ನು ಬೀಡಿ ಬ್ರಾಂಚಿನಲ್ಲಿ ಸೇರಿಸುವ ಹಾಗಿಲ್ಲ ಎಂದು ಗಿರಿಜಕ್ಕ ಗಟ್ಟಿಯಾಗಿ ತೀರ್ಪು ಕೊಟ್ಟಳು. ಕೊಟ್ಟ ಮೇಲೆ, ಜಗಲಿಯಲ್ಲಿ ಯಾರು ಕೂತಿದ್ದಾರೆಂದು ನೆನಪಾಗಿ ನಾಲಗೆ ಕಚ್ಚಿಕೊಂಡಳು.

ಜಗಲಿಯಲ್ಲಿ ಕೂತಿದ್ದವರು ಸಂಜೀವ ಮಾವ. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಪೇಪರ್ ಓದುವ ನೆವ ಮಾಡಿ ಲಿಲ್ಲಿಬಾಯಿಯ ಜಗಲಿಗೆ ಬಂದು, ಕಿಟಕಿಯ ಹತ್ತಿರದ ಬೆಂಚಿನಲ್ಲಿ, ಅಕ್ಕನ ಮುಖ ಕಾಣದ ಆದರೆ ಟಿವಿ ಪೂರ್ತಿ ಕಾಣುವ ಕೋನವೊಂದನ್ನು ಹುಡುಕಿಕೊಂಡಿದ್ದರು. ಅವರ ಪೇಪರ್ ಎಷ್ಟೋ ಸಲ ತಲೆಕೆಳಗಿರುತ್ತಿತ್ತು. ಸಟ್ಟುಗ ಮಾವನನ್ನು ಯಾರಾದರೂ ಹಳಿದರೆ ಕಿಟಕಿಯ ಸರಳಿನಾಚೆಯಿಂದ ಅವರ ವಕಾಲತ್ತು ಕೇಳುತ್ತಿತ್ತು. ಅಮ್ಮನೂ ಬಿಡುತ್ತಿರಲಿಲ್ಲ, ಆದರೆ ನೇರ ಮಾತಿಲ್ಲವಲ್ಲ, "ಹೊರಗಿನವರಿಗೆ ಹೇಳಿ ಲಿಲ್ಲಿಬಾಯಿ" ಎಂದು ಶುರುಮಾಡುತ್ತಿದ್ದಳು. ಹೊರಗಿನಿಂದ "ಒಳಗಿನವರಿಗೆ ಹೇಳಿ" ಎಂದು ಉತ್ತರ. ಇಬ್ಬರಿಗೂ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳುತ್ತಿದ್ದರೂ ಲಿಲ್ಲಿಬಾಯಿ ಪ್ರತಿ ವಾಕ್ಯವನ್ನೂ ಇನ್ನೊಮ್ಮೆ ಹೇಳಿ ಕರ್ತವ್ಯ ಮುಗಿಸುತ್ತಿದ್ದರು.

ಅಮ್ಮನಿಗೆ ಸಟ್ಟುಗ ಮಾವನ ಮೇಲೆ ಮಮತೆ ಇತ್ತು, ಅದು ನನಗೆ ಗೊತ್ತು. ಅವನ ಎರಡು ಮುಂಬಲ್ಲು ತುಟಿಯನ್ನು ದಾಟಿ ಗಲ್ಲವನ್ನು ಮುಟ್ಟುತ್ತಿತ್ತು. ಬೇರೆಯವರೆಲ್ಲ ಅದನ್ನು ನೋಡಿ ನಗುವಾಗ ಅವಳು ಬೀಡಿ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದಳು. ಅವಳ ಸಿಟ್ಟೆಲ್ಲ ಒಂದು ದೃಶ್ಯದ ಮೇಲೆ. ಆ ಕ್ಯಾಸೆಟ್ಟಿನಲ್ಲಿ ಒಮ್ಮೆ ಮಾತ್ರ ಒಬ್ಬಳು ಹೆಣ್ಣು ಬೀವರ್ ನದೀತೀರದಲ್ಲಿ ಕೊಡೆ ಹಿಡಿದು ಹೋಗುತ್ತಾಳೆ. ಅದೇ ಮುಖ, ಅದೇ ಬಾಲ. ಹೆಣ್ಣೆಂದು ತಿಳಿಯಲಿ ಎಂದು ಬರೆದವನು ಅವಳಿಗೆ ಉದ್ದನೆಯ ರೆಪ್ಪೆಗೂದಲು ಇಟ್ಟಿದ್ದ, ತಲೆಗೆ ರಿಬ್ಬನ್ ಕಟ್ಟಿದ್ದ, ಮತ್ತು ಹಲ್ಲು ತೆಗೆದಿದ್ದ.

"ಹೆಣ್ಣು ಅಂದ ಕೂಡಲೇ ಹಲ್ಲು ಎಲ್ಲಿಗೆ ಹೋಯಿತು?" ಎಂದು ಅಮ್ಮ ಪ್ರತಿ ಸಲವೂ ಕೇಳುತ್ತಿದ್ದಳು. "ಮರ ಕಡಿಯುವ ಜಾತಿಯವಳು, ಹಲ್ಲಿಲ್ಲದೆ ಎಂತ ತಿನ್ನುವುದು? ಕೇಳಿ ಲಿಲ್ಲಿಬಾಯಿ ಹೊರಗಿನವರ ಹತ್ತಿರ."

ಆ ಪ್ರಶ್ನೆಗೆ ಮಾತ್ರ ಹೊರಗಿನಿಂದ ಕೇಳುತ್ತಿದ್ದದ್ದು ಪೇಪರ್ ಮಗುಚಿದ ಸದ್ದಷ್ಟೇ.

ಸಟ್ಟುಗ ಮಾವನಿಗೆ ಮೂವರು ಅಳಿಯಂದಿರು, ಎಂದರೆ ಅಕ್ಕನ ಮಕ್ಕಳು. ಮೂವರದೂ ಒಂದೇ ಅಚ್ಚು, ಟೊಪ್ಪಿಯ ಬಣ್ಣ ಮಾತ್ರ ಬೇರೆ. ಮೂವರ ಟೊಪ್ಪಿಯೂ ಹೊಳೆಗೆ ಬಿದ್ದರೆ ಹೆತ್ತವಳಿಗೂ ಗುರುತು ಸಿಗದು ಎಂಬುದು ಇನ್ನೊಂದು ಆಕ್ಷೇಪ. ಬೇರೆ ಸೀಮೆಯವರಾದರೆ, ಅವನಿಗೆ ಹೆಂಡತಿ ಮಕ್ಕಳು ಯಾಕಿಲ್ಲ, ಮನೆತುಂಬ ಅಳಿಯಂದಿರು ಯಾಕೆ ಎಂದು ಕೇಳುತ್ತಿದ್ದರೇನೋ. ನಮ್ಮ ಹೆಂಗಸರಿಗೆ ಅದರಲ್ಲಿ ಯಾವ ವಿಚಿತ್ರವೂ ಕಾಣಲಿಲ್ಲ. ಮನೆತನದ ಹಕ್ಕು ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನ ನಾಡಿನಲ್ಲಿ ಮಾವನ ಮನೆಯಲ್ಲಿ ಅಳಿಯಂದಿರಲ್ಲದೆ ಮತ್ತೆ ಯಾರಿರಬೇಕು? ಆ ಪರದೇಶದ ಪ್ರಾಣಿ ಇಲ್ಲಿಯವನೇ ಎಂದು ಅವರು ಒಪ್ಪಿಕೊಂಡದ್ದೇ ಆ ಕಾರಣಕ್ಕೆ. ಅವರ ಪ್ರಶ್ನೆ ಬೇರೆ, ಮತ್ತು ನನಗೆ ಇಂದಿಗೂ ಅದು ನ್ಯಾಯವೆಂದೇ ತೋರುತ್ತದೆ: ಅಳಿಯಂದಿರಿದ್ದಾರೆ ಎಂದ ಮೇಲೆ ಅಕ್ಕ ಎಲ್ಲಿ? ಹಕ್ಕಿನ ಮೂಲವಾದವಳನ್ನೇ ಬಿಟ್ಟು ಬರೆದರೆ ಮನೆ ನಿಲ್ಲುವುದು ಹೇಗೆ?

ಈ ಅಕ್ಕನನ್ನು ಪತ್ತೆಹಚ್ಚಿದವಳು ಅಮ್ಮ. ಸಟ್ಟುಗ ಮಾವ ಮೇಜಿನ ಮುಂದೆ ಕೂತಾಗಲೆಲ್ಲ ಅಡುಗೆಮನೆಯ ಬಾಗಿಲಿನಿಂದ ಒಂದು ಕೈ ಚಾಚಿ ಬಂದು, ತಟ್ಟೆ ಇಟ್ಟು, ಹಿಂದೆ ಸರಿಯುತ್ತಿತ್ತು. ಹಸಿರು ಬಳೆಯ ಕೈ, ಅಷ್ಟೇ. ಮುಖವನ್ನು ಬರೆಯುವ ಶ್ರಮ ಯಾರೂ ತೆಗೆದುಕೊಂಡಿರಲಿಲ್ಲ. "ಅದೇ ಅಕ್ಕ" ಎಂದಳು ಅಮ್ಮ. ಎಲ್ಲರೂ ಕಿಟಕಿಯ ಕಡೆಗೆ ನೋಡಿದರು, ಯಾಕೆಂದರೆ ಗೋಡೆಯ ಮೇಲಿನ ಬುತ್ತಿ ಓಣಿಗೆಲ್ಲ ಗೊತ್ತಿದ್ದ ವಿಷಯ. ಹೊರಗಿನವರು ಮಾತ್ರ ಒಪ್ಪಲಿಲ್ಲ. ಅಕ್ಕನಾದರೆ ಮುಖ ತೋರಿಸುತ್ತಿದ್ದಳು ಎಂಬುದು ಅವರ ವಾದ.

ಹೀಗೆ ನಡೆದುಕೊಂಡು ಹೋಗುತ್ತಿರುವಾಗ ನನ್ನ ಮದುವೆ ನಿಶ್ಚಯವಾಯಿತು. ಗಂಡು ಬೆಳ್ಮಣ್‌ನವರು, ಕಾರ್ಕಳದ ಶಾಲೆಯೊಂದರಲ್ಲಿ ಮಾಸ್ತರು. ನಮ್ಮ ಕಡೆಯ ಮದುವೆಯಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಸೋದರಮಾವ ಇಲ್ಲದಿದ್ದರೆ ಬೇರೆ ಯಾರಾದರೂ ಆದೀತು. ಇದ್ದು, ಗೋಡೆಯಾಚೆಯೇ ಇದ್ದು, ಬಾರದಿದ್ದರೆ ಹುಡುಗಿ ತಲೆ ಎತ್ತುವ ಹಾಗಿಲ್ಲ. ಗಂಡಿನ ತಾಯಿ ಬಂದಾಗ ಮೊದಲು ಕೇಳಿದ್ದೂ ಅದನ್ನೇ. "ಸೋದರಮಾವ ಹತ್ತಿರವೇ ಇದ್ದಾರಂತಲ್ಲ. ಕಾಣುವುದೇ ಇಲ್ಲ?" ಅಮ್ಮ ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

ನಾನು ಗೋಡೆ ಹಾರಿ ಮಾವನ ಹತ್ತಿರ ಹೋದೆ. "ಅಕ್ಕ ಒಂದು ಮಾತು ಕರೆಯಲಿ, ನಾನು ಬಾರದೆ ಇರ್ತೇನಾ?" ಎಂದರು. ಅಮ್ಮನ ಹತ್ತಿರ ಬಂದರೆ, "ಕರೆಯಲು ಅವನು ಎಂತ ನೆಂಟನಾ? ಮನೆಯ ಯಜಮಾನ ಅವನು. ತಾನೇ ಬಂದು ಚಪ್ಪರ ಹಾಕಿಸಬೇಕು" ಎಂದಳು. ಇಬ್ಬರ ಮಾತೂ ಸರಿ. ಎರಡು ಸರಿಗಳ ನಡುವೆ ಸಿಕ್ಕಿಕೊಂಡವರಿಗೆ ಮಾತ್ರ ಅದರ ಸಂಕಟ ಗೊತ್ತು. ದಿನ ಹತ್ತಿರ ಬರುತ್ತಿತ್ತು, ನನಗೆ ಭಯವಾಗುತ್ತಿತ್ತು. ಜನ ಏನೆನ್ನುತ್ತಾರೆ ಎಂಬ ಭಯವಲ್ಲ ಅದು. ಬಂಡೆ ಹತ್ತುವಾಗ ಹಿಡಿದಿದ್ದ ಆ ಕೈ ಮಂಟಪ ಹತ್ತುವಾಗ ಇಲ್ಲದಿದ್ದರೆ ನಾನು ಹೇಗೆ ನಡೆಯಲಿ ಎಂಬ ಭಯ.

ಮದುವೆಗೆ ಇನ್ನೇನು ಸ್ವಲ್ಪವೇ ದಿನ ಇರುವಾಗ, ಒಂದು ಭಾನುವಾರ ಮಧ್ಯಾಹ್ನ, ಎಂದಿನಂತೆ ಲಿಲ್ಲಿಬಾಯಿಯ ಚಾವಡಿಯಲ್ಲಿ ಕ್ಯಾಸೆಟ್ ತಿರುಗುತ್ತಿತ್ತು. ಕೈ ಬಂತು, ತಟ್ಟೆ ಇಟ್ಟಿತು. ಅಷ್ಟು ಕಾಲ ಎಲ್ಲರ ಕಣ್ಣನ್ನೂ ತಪ್ಪಿಸಿಕೊಂಡಿದ್ದ ಒಂದು ಸಂಗತಿ ಆ ದಿನ ಗಿರಿಜಕ್ಕನಿಗೆ ಹೊಳೆಯಿತು.

"ಏ, ಈ ಕೈಗೆ ಐದು ಬೆರಳು ಉಂಟಲ್ಲ!"

ಲಿಲ್ಲಿಬಾಯಿ ಕ್ಯಾಸೆಟ್ಟನ್ನು ಹಿಂದೆ ತಿರುಗಿಸಿ ನಿಲ್ಲಿಸಿದರು. ನಡುಗುವ ಗೆರೆಗಳ ನಡುವೆ ಹಸಿರು ಬಳೆಯ ಕೈ ನಿಂತಿತು. ಹೌದು, ಐದು. ಆ ಮನೆಯವರಿಗೆಲ್ಲ ನಾಲ್ಕು, ಈ ಒಂದು ಕೈಗೆ ಐದು. ಬರೆಯುವವರು ಹಲವರಿದ್ದಿರಬೇಕು, ಕೈ ಬರೆಯಲು ಸಿಕ್ಕಿದವನಿಗೆ ಉಳಿದವರ ಲೆಕ್ಕ ಯಾರೂ ತಿಳಿಸಿರಲಿಕ್ಕಿಲ್ಲ. ನಮಗೆ ಆಗ ಅದೆಲ್ಲ ಎಲ್ಲಿ ಹೊಳೆಯಬೇಕು? ಕಿಟಕಿಯಿಂದ ಮಾವನ ಸ್ವರ ಕೇಳಿಸಿತು. ಎಷ್ಟೋ ಕಾಲದ ಮೊಕದ್ದಮೆಗೆ ಕೊನೆಯ ಸಾಕ್ಷಿ ಸಿಕ್ಕಿದ ಉತ್ಸಾಹ ಅದರಲ್ಲಿತ್ತು.

"ನಾನು ಹೇಳಿದ್ದೇ ಸರಿಯಾಯಿತು. ಒಳಗಿನವರಿಗೆ ಹೇಳಿ ಲಿಲ್ಲಿಬಾಯಿ. ಅವನಿಗೆ ನಾಲ್ಕು, ಅದಕ್ಕೆ ಐದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಲೆಕ್ಕ ತಪ್ಪುತ್ತದಾ? ಅದು ಅಕ್ಕ ಅಲ್ಲ. ಸಂಬಳದ ಕೆಲಸದವಳ ಕೈ ಅದು."

ಅಮ್ಮನ ಮಡಿಲಿನ ಗೆರಸೆ ಕೆಳಗೆ ಬಿತ್ತು. ಹೊಗೆಸೊಪ್ಪು, ಎಲೆ, ಕಟ್ಟಿಟ್ಟ ಬೀಡಿ ಎಲ್ಲ ನೆಲದ ಮೇಲೆ ಚೆಲ್ಲಿತು. ಅವಳು ಎದ್ದು ಅದನ್ನೆಲ್ಲ ದಾಟಿಕೊಂಡು ಕಿಟಕಿಯ ಹತ್ತಿರ ಹೋದಳು. ಲಿಲ್ಲಿಬಾಯಿಗೆ ಹೇಳಲಿಲ್ಲ. ನೇರವಾಗಿ ಹೇಳಿದಳು.

"ಸಂಜೀವ, ನಿನ್ನ ಬಲಗೈ ತೋರಿಸು."

ಮಾವ ದಂಗಾದರು. ವರ್ಷಗಳ ಮೇಲೆ ಅಕ್ಕನ ಬಾಯಿಯಲ್ಲಿ ಅವರ ಹೆಸರು. ಹೋಂವರ್ಕ್ ಮಾಡದ ಹುಡುಗನಂತೆ ಕೈ ಎತ್ತಿ ಸರಳಿನ ಹತ್ತಿರ ಹಿಡಿದರು.

"ಎಷ್ಟು ಉಂಟು?"

"ನಾಲ್ಕು."

ಅಮ್ಮ ತನ್ನ ಕೈಯನ್ನು ಸರಳಿನ ಎಡೆಯಿಂದ ಹೊರಗೆ ಚಾಚಿದಳು. ಮಧ್ಯಾಹ್ನದ ಬುತ್ತಿ ಇಟ್ಟು ಬಂದ ಕೈ. "ಇದರಲ್ಲಿ?"

"ಐದು," ಎಂದರು ಮಾವ, ಮೆಲ್ಲಗೆ.

"ನಾವಿಬ್ಬರು ಯಾರ ಹೊಟ್ಟೆಯ ಮಕ್ಕಳು?"

ಟಿವಿಯಲ್ಲಿ ಆ ಹಸಿರು ಬಳೆಯ ಕೈ ನಡುಗುತ್ತಲೇ ಇತ್ತು. ಮಾವ ಒಮ್ಮೆ ಅದನ್ನು ನೋಡಿದರು, ಒಮ್ಮೆ ಅಕ್ಕನ ಕೈಯನ್ನು ನೋಡಿದರು, ಕೊನೆಗೆ ತಮ್ಮದನ್ನೇ, ಇಲ್ಲದ ಬೆರಳು ಇರಬೇಕಾದ ಜಾಗವನ್ನೇ, ಬಹಳ ಹೊತ್ತು ನೋಡಿದರು.

"ಅಕ್ಕನ ಕೈಯೇ," ಎಂದರು. ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಪೇಪರ್ ಬೆಂಚಿನಲ್ಲೇ ಉಳಿಯಿತು.

ಮದುವೆಗೆ ಬರುತ್ತೇನೆಂದು ಅವರು ಹೇಳಲಿಲ್ಲ, ಬಾ ಎಂದು ಇವಳೂ ಹೇಳಲಿಲ್ಲ. ಮರುದಿನ ನಾನು ಕಚೇರಿಗೆ ರಜೆ ಹಾಕಿ ಮನೆಯಲ್ಲಿದ್ದೆ, ಕೆಲಸವಿದ್ದುದರಿಂದಲ್ಲ, ಮಣಿಪಾಲಕ್ಕೆ ಹೋದರೆ ಟೈಪು ಮಾಡಲು ಬೆರಳು ಓಡಲಾರದೆಂದು. ಮಧ್ಯಾಹ್ನ ಅಮ್ಮ ಬುತ್ತಿ ಹಿಡಿದು ಗೋಡೆಯ ಹತ್ತಿರ ಹೋದಳು. ಬುತ್ತಿ ಇಡುವ ದುಂಡನೆಯ ಸವಕಲು ಜಾಗದಲ್ಲಿ ಆಗಲೇ ಏನೋ ಇತ್ತು. ಅಜ್ಜಿಯ ಪಟ, ನಮ್ಮ ಕಡೆಗೆ ಮುಖ ಮಾಡಿ ನಿಂತಿತ್ತು, ಹಿಂದಿನಿಂದ ಒಂದು ಕೈ ಅದನ್ನು ಬೀಳದಂತೆ ಹಿಡಿದಿತ್ತು. ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಹಚ್ಚುವ ಬಿಳಿ ಪೇಂಟಿನಿಂದ ಗಾಜಿನ ಮೇಲೆ ಎರಡು ಹಲ್ಲು ಬರೆದಿತ್ತು. ಪೇಂಟಿನ ವಾಸನೆ ಇನ್ನೂ ಹಸಿ.

ನನ್ನ ಅಮ್ಮ ಎತ್ತರದ ಹೆಂಗಸು. ಅವಳು ನಿಂತಲ್ಲಿಂದ ನೋಡಿದಳು. ಹುಬ್ಬು ಗಂಟಿಕ್ಕಿತು.

"ಹಲ್ಲು ಗಲ್ಲದಲ್ಲಿ ಉಂಟಲ್ಲ!"

"ನೀನು ಸ್ವಲ್ಪ ಬಗ್ಗಿ ನೋಡು ಅಕ್ಕ," ಎಂದಿತು ಪಟದ ಹಿಂದಿನ ಸ್ವರ.

ಯಾರಿಗೂ ಬಗ್ಗಿದವಳಲ್ಲ ನನ್ನ ಅಮ್ಮ. ಬುತ್ತಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಮಡಚಿದಳು. ಸ್ವಲ್ಪ. ಇನ್ನೂ ಸ್ವಲ್ಪ. ನಾನೂ ಅವಳ ಬದಿಯಲ್ಲಿ ಬಗ್ಗಿದೆ. ಗಲ್ಲದಲ್ಲಿದ್ದ ಹಲ್ಲುಗಳು ಮೆಲ್ಲಗೆ ಮೇಲಕ್ಕೆ ಏರಿ, ಸ್ಟುಡಿಯೋದವರು ಮುಚ್ಚಿಸಿದ್ದ ತುಟಿಯ ಮೇಲೆ ಬಂದು ಕೂತವು. ಜರಿಸೀರೆ, ಬೆಂಡೋಲೆ, ಎರವಲು ಕುತ್ತಿಗೆ ಎಲ್ಲವನ್ನೂ ದಾಟಿ, ಯಾವುದೋ ತಮಾಷೆ ಕೇಳಿದವಳಂತೆ, ಅಜ್ಜಿ ನಕ್ಕಳು.

ಅಮ್ಮ ಬಗ್ಗಿದ ಹಾಗೆಯೇ ಕಣ್ಣು ಒರೆಸಿಕೊಂಡು ಹೇಳಿದಳು: "ಎಡದ್ದು ಇನ್ನೂ ಸ್ವಲ್ಪ ಉದ್ದ ಬೇಕಿತ್ತು."

"ಬಣ್ಣ ಮುಗಿಯಿತು," ಎಂದರು ಮಾವ.

"ಆಯಿತು. ಗಂಜಿ ತಣ್ಣಗಾಗ್ತದೆ, ಈಚೆ ಬಾ. ಚಪ್ಪರದವನಿಗೆ ಇನ್ನೂ ಯಾರೂ ಹೇಳಲಿಲ್ಲ."

ಮಾವ ಗೋಡೆ ಹಾರಲಿಲ್ಲ. ಯಜಮಾನರಲ್ಲವೆ, ಸುತ್ತು ಹಾಕಿ ಗೇಟಿನಿಂದಲೇ ಬಂದರು.

ಮದುವೆಯ ದಿನ ನನ್ನನ್ನು ಮಂಟಪಕ್ಕೆ ಕರೆತಂದ ಕೈಯಲ್ಲಿ ನಾಲ್ಕು ಬೆರಳಿತ್ತು. ನಾಲ್ಕಕ್ಕೂ ಬೆವರಿತ್ತು. ನನ್ನ ಬೆರಳು ಅಭ್ಯಾಸದಿಂದ ಹಳೆಯ ಜಾಗವನ್ನೇ ಹುಡುಕಿ ಹಿಡಿದುಕೊಂಡಿತು. ಲಿಲ್ಲಿಬಾಯಿ ಮತ್ತು ಬೀಡಿ ಮಂಡಳಿ ಮುಂದಿನ ಸಾಲಿನಲ್ಲಿ ಕೂತು, ಮದುಮಗನ ಪೇಟ ಒಂದು ಬದಿಗೆ ವಾಲಿದೆ, ನನಗೆ ಇಟ್ಟ ಕಾಡಿಗೆ ಹೆಚ್ಚಾಗಿದೆ ಎಂದು ಆಕ್ಷೇಪಗಳನ್ನು ಎತ್ತುತ್ತಿದ್ದರು. ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಗೊತ್ತೆ? ತನ್ನದೆಂದು ಎತ್ತಿಕೊಳ್ಳದ ವಸ್ತುವಿನ ಮೇಲೆ ಯಾರೂ ಇಷ್ಟು ದೂರುವುದಿಲ್ಲ. ಎಲ್ಲಿಯೋ ಶೀತದೇಶದಲ್ಲಿ ಕೂತ ಒಬ್ಬ ಚಿತ್ರಗಾರ, ಶ್ರಮ ಉಳಿಯಲಿ ಎಂದು ಒಂದು ಬೆರಳು ಬಿಟ್ಟ. ಅವನ ಜೊತೆಗಾರ ಮರೆತು ಒಂದು ಬೆರಳು ಸೇರಿಸಿದ. ಅವರಿಬ್ಬರಿಗೂ ಕಾಪುವಿನಲ್ಲಿ ಹೊಗೆಸೊಪ್ಪು ಚೆಲ್ಲಿದ್ದು ಗೊತ್ತಿಲ್ಲ. ಆ ಕ್ಯಾಸೆಟ್ಟಿಗೆ ಆಮೇಲೆ ಬೂಷ್ಟು ಹಿಡಿಯಿತು, ಟಿವಿಯಲ್ಲಿ ದೂರದರ್ಶನ ಬಂತು, ಅರ್ಥವಾಗುವ ಮಾತು ಬಂತು, ಹೆಂಗಸರು ಕಿವಿಯಿಂದ ನೋಡಲು ಕಲಿತರು.

ಅಮ್ಮ ಈಗ ಇಲ್ಲ, ಮಾವನೂ ಇಲ್ಲ. ಗೋಡೆ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಪಟ ನನ್ನೊಡನೆ ಬೆಳ್ಮಣ್‌ಗೆ ಬಂತು, ಪೇಂಟು ಹಳದಿಯಾಗಿದೆ, ಅಜ್ಜಿಯ ಹಲ್ಲಿಗೆ ಕೊನೆಗೂ ವಯಸ್ಸಾಗಿದೆ. ಹೊಸಬರು ನನ್ನನ್ನು ಆ ಪಟದ ಎದುರು ಕಂಡರೆ, ಹಿರಿಯರಿಗೆ ವಂದಿಸುತ್ತಿದ್ದಾಳೆ, ಭಕ್ತೆ ಎಂದುಕೊಳ್ಳುತ್ತಾರೆ. ನಾನು ವಂದಿಸುತ್ತಿರುವುದಲ್ಲ, ಮಂಡಿ ಮಡಚುತ್ತಿರುವುದು. ನೀವು ಬಂದಾಗಲೂ ಮರ್ಯಾದೆಗೆ ಕಣ್ಣು ತಿರುಗಿಸಬೇಡಿ. ಕಾಫಿ ಲೋಟ ಕೆಳಗಿಟ್ಟು, ಎದುರು ನಿಂತು, ನನ್ನ ಮಾವನ ಎತ್ತರಕ್ಕೆ ಬರುವಷ್ಟು ಬಗ್ಗಿ. ಹಲ್ಲುಗಳು ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಎಡದ್ದು ಇನ್ನೂ ಸ್ವಲ್ಪ ಉದ್ದ ಬೇಕಿತ್ತು, ಅದು ನನಗೂ ಗೊತ್ತು. ಆದರೆ ಬಣ್ಣ ಮುಗಿದಿತ್ತು.